‘ಎಷ್ಟು ದಿನಕ್ಕೆ ಮೈಯಿಂದ ಹೋಗ್ತದೆ ಡಾಕ್ಟ್ರೇ?’

ಜಿಲ್ಲಾ ಕ್ರೀಡಾಕೂಟ ಹತ್ತಿರ ಬಂದರೆ ಸಾಕು, ಕುಮಟಾದಿಂದ ಹಳಿಯಾಳದವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ. ಮೊಣಕಾಲು ನೋವು, ಹಿಮ್ಮಡಿ ನೋವು ಎಲ್ಲ ಮಾಯ. ‘ಇಂಜೆಕ್ಷನ್ ತೊಗೊಂಡರೆ ಗೊತ್ತಾಗ್ತದಾ?’ ಅಂತಲೇ ಕೇಳುತ್ತಾರೆ. ಉದ್ದೀಪನ ಮದ್ದು ಅಂದರೆ ಆಟದಲ್ಲಿ ತಾಕತ್ತು ಹೆಚ್ಚಲಿ ಅಂತ ತೊಗೊಳ್ಳುವ ನಿಷೇಧಿತ ಔಷಧಿ; ಅದಕ್ಕಿಂತ ಜಾಸ್ತಿ ನಾನಿಲ್ಲಿ ವಿವರಿಸೋದಿಲ್ಲ. ಈ ಪ್ರಶ್ನೆ ಕೇಳುವವರಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ.

ಪ್ರಶ್ನೆ: ಮಗನಿಗೆ 17 ವರ್ಷ, 100 ಮೀಟರ್ ಓಡುತ್ತಾನೆ. ಅವನಿಗೆ ತರಬೇತಿ ಕೊಡುವವರು ಎರಡು ಇಂಜೆಕ್ಷನ್ ಚುಚ್ಚಿದ್ದಾರೆ. ಸೀಸೆಯ ಮೇಲೆ ನ್ಯಾಂಡ್ರೊಲೋನ್ ಅಂತಿದೆ. 15 ದಿನದಲ್ಲಿ ಮೈಯಿಂದ ಹೋಗುತ್ತದೆ, ಯಾರಿಗೂ ಗೊತ್ತಾಗೋದಿಲ್ಲ ಅನ್ನುತ್ತಾರೆ. ನಿಜವೇ? (ಒಬ್ಬ ತಂದೆ, ಅಂಕೋಲಾ)

ಶುದ್ಧ ಸುಳ್ಳು. ಇದು ಎಣ್ಣೆಯಲ್ಲಿ ಬೆರೆಸಿದ ಸ್ಟೀರಾಯ್ಡ್, ಅಂದರೆ ಗಂಡು ಹಾರ್ಮೋನಿನ ಹಾಗೆ ಕೆಲಸ ಮಾಡಿ ಮಾಂಸಖಂಡ ಬೆಳೆಸುವ ಮದ್ದು. ಮಾಂಸಖಂಡದಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಅದರ ಗುರುತು ಮೂತ್ರದಲ್ಲಿ ತಿಂಗಳುಗಟ್ಟಲೆ ಸಿಗುತ್ತದೆ. ಅಷ್ಟೇ ಅಲ್ಲ, ಒಮ್ಮೆ ಕೊಟ್ಟ ಮಾದರಿಯನ್ನು 10 ವರ್ಷ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಮೈಕಾದವರು 4x100 ರಿಲೇ ಗೆದ್ದರು. ಆ ತಂಡದ ನೆಸ್ಟಾ ಕಾರ್ಟರ್‌ನ ಹಳೇ ಮಾದರಿಯನ್ನು ಮತ್ತೆ ನೋಡಿದಾಗ ನಿಷೇಧಿತ ಮದ್ದು ಸಿಕ್ಕಿತು. 2017ರಲ್ಲಿ ಚಿನ್ನ ಹೋಯಿತು. ಏನೂ ಮಾಡದ ಉಸೇನ್ ಬೋಲ್ಟ್ ಕೂಡ ಪದಕ ವಾಪಸ್ ಕೊಡಬೇಕಾಯಿತು.

ಆದರೆ ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಸಿಕ್ಕಿಬೀಳುತ್ತಾನಾ ಅಂತ ಕೇಳಿದ್ದೀರಿ. ಹುಡುಗನಿಗೆ ಏನಾಗುತ್ತದೆ ಅಂತ ಕೇಳಿಲ್ಲ.

ಹದಿನೇಳರಲ್ಲಿ ಇನ್ನೂ ಮೂಳೆ ಬೆಳೆಯುತ್ತಿರಬಹುದು. ಸ್ಟೀರಾಯ್ಡ್ ಬಿದ್ದರೆ ಮೂಳೆ ತುದಿಯ ಬೆಳೆಯುವ ಭಾಗ ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು. ಹೊರಗಿಂದ ಹಾರ್ಮೋನು ಬಂತು ಅಂತ ಮೈ ತನ್ನದನ್ನು ತಯಾರಿಸೋದು ಕಡಿಮೆ ಮಾಡುತ್ತದೆ. ವೃಷಣ ಸಣ್ಣಗಾಗುತ್ತದೆ, ಎದೆ ಊದಿಕೊಳ್ಳಬಹುದು, ರಕ್ತದಲ್ಲಿ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಮಾಂಸಖಂಡ ಬೇಗ ದಪ್ಪಗಾಗುತ್ತದೆ ನಿಜ, ಆದರೆ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗೋದಿಲ್ಲ. ಎತ್ತಿನ ಗಾಡಿಗೆ ಲಾರಿ ಎಂಜಿನ್ ಕೂರಿಸಿದ ಹಾಗೆ. ಸೂಜಿ ಯಾರದ್ದು ಅಂತ ವಿಚಾರಿಸಿದ್ದೀರಾ? ಒಂದೇ ಸೂಜಿ ನಾಲ್ಕು ಹುಡುಗರಿಗೆ ಬಳಸಿದ್ದರೆ ಹೆಪಟೈಟಿಸ್ ಮತ್ತು ಎಚ್‌ಐವಿ ಚಿಂತೆಯೂ ಇದೆ.

ಇನ್ನು ಶಿಕ್ಷೆ. ಸ್ಟೀರಾಯ್ಡ್‌ಗೆ ಸಾಮಾನ್ಯವಾಗಿ 4 ವರ್ಷ ನಿಷೇಧ. 18 ತುಂಬದವರಿಗೆ ಸ್ವಲ್ಪ ರಿಯಾಯಿತಿ ಸಿಗಬಹುದು. ಆದರೆ ‘ಕೋಚ್ ಕೊಟ್ಟರು, ನಂಗೊತ್ತಿಲ್ಲ’ ಅಂದಷ್ಟಕ್ಕೆ ಬಿಡೋದಿಲ್ಲ. ಮೈಯಲ್ಲಿ ಏನಿದೆಯೋ ಅದಕ್ಕೆ ಓಡುವವನೇ ಹೊಣೆ. ನಿಷೇಧ ಬಿದ್ದ ಮೇಲೆ ಓಟ ಬಿಟ್ಟು ಕಬಡ್ಡಿ ಆಡ್ತೇನೆ ಅಂದರೂ ಸಂಘದ ಟೂರ್ನಿಗೆ ಸೇರಿಸೋದಿಲ್ಲ. ಕ್ರೀಡಾ ಕೋಟಾದ ಕೆಲಸವನ್ನಂತೂ ಮರೆತುಬಿಡಿ. ವೇಗದ ಓಟಗಾರನಿಗೆ ಒಳ್ಳೆಯ ಕಾಲ ಅಂತ ಸಿಗೋದು ಇಪ್ಪತ್ತರಿಂದ ಮೂವತ್ತರೊಳಗಿನ ಕೆಲವೇ ವರ್ಷ. ಅದರಲ್ಲಿ ನಾಲ್ಕು ಕಳೆದರೆ ಉಳಿಯೋದೆಷ್ಟು?

‘ಜಸ್ಟಿನ್ ಗ್ಯಾಟ್ಲಿನ್ ವಾಪಸ್ ಬರಲಿಲ್ವಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಂದ. ಅಮೆರಿಕದ ಈ ವೇಗದ ಓಟಗಾರ 2006ರಲ್ಲಿ ಸಿಕ್ಕಿಬಿದ್ದು 4 ವರ್ಷ ಹೊರಗಿದ್ದ. 2017ರಲ್ಲಿ ಲಂಡನ್‌ನಲ್ಲಿ ಬೋಲ್ಟ್‌ನನ್ನೇ ಹಿಂದೆ ಹಾಕಿ ವಿಶ್ವ ಚಾಂಪಿಯನ್ ಆದ. ಇಡೀ ಸ್ಟೇಡಿಯಂ ಅವನಿಗೆ ‘ಬೂ’ ಅಂತ ಕೂಗಿತು. ಆದರೆ ನಿಷೇಧಕ್ಕೆ ಮೊದಲೇ ಅವನು ಒಲಿಂಪಿಕ್ ಚಿನ್ನ ಗೆದ್ದವನು. ಅಂಕೋಲೆಯ ಹುಡುಗನಿಗೆ ನಾಲ್ಕು ವರ್ಷ ಯಾರು ಕಾಯುತ್ತಾರೆ?

ಈಗ ಮಾಡಬೇಕಾದ್ದು ಕೇಳಿ. ಮೂರನೇ ಇಂಜೆಕ್ಷನ್ ಬೇಡ. ಸೀಸೆ ಬಿಸಾಡಬೇಡಿ. ಅದನ್ನು ಹಿಡಿದುಕೊಂಡು ಹುಡುಗನನ್ನು ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಲಿವರ್, ಹಾರ್ಮೋನು, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಎಲ್ಲ ನೋಡಿಸಿ. ಈ ವರ್ಷ ಓಡಿಸಬೇಡಿ. ಆಮೇಲೆ ನಾಡಾಕ್ಕೆ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕಕ್ಕೆ, ಬರೆದು ತಿಳಿಸಿ. ಅಪ್ರಾಪ್ತರಿಗೆ ಸ್ಟೀರಾಯ್ಡ್ ಕೊಟ್ಟ ತರಬೇತುದಾರನಿಗೆ ಆಜೀವ ನಿಷೇಧ ಹಾಕಲು ಅವಕಾಶವಿದೆ. ಊರಿನವರು, ಪರಿಚಯದವರು ಅಂತ ಸುಮ್ನೆ ಕೂತರೆ ಅವನು ನಾಳೆ ಇನ್ನೊಬ್ಬ ಹುಡುಗನಿಗೆ ಚುಚ್ಚುತ್ತಾನೆ.

ಪ್ರಶ್ನೆ: ಕೋಚ್ ಕೊಡುವ ಪುಡಿ ‘ಹರ್ಬಲ್’ ಅಂತೆ. ತೊಂದರೆ ಇಲ್ಲ ಅಲ್ವಾ? (ಶಿರಸಿ)

ನಮ್ಮ ಪಕ್ಕದ ಕುಂದಾಪುರ ತಾಲ್ಲೂಕಿನ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಹೆಸರು ಕೇಳಿದ್ದೀರಲ್ಲ? 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. 2011ರಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಅನ್ನೋ ಗಿಡಮೂಲಿಕೆಯಿಂದ ಬಂತು ಅಂತ ಹೇಳಿದರು. ಆದರೂ ಮೊದಲು 1 ವರ್ಷವಿದ್ದ ನಿಷೇಧ ಕ್ರೀಡಾ ನ್ಯಾಯಾಲಯದಲ್ಲಿ 2 ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಪುಡಿ ಬೇಡ.

ಪ್ರಶ್ನೆ: ಓಟದ ಹಿಂದಿನ ದಿನ ಗ್ಲೂಕೋಸ್ ಬಾಟ್ಲಿ ಹಾಕಿಸಬಹುದೇ? (ಹೊನ್ನಾವರ)

ಬೇಡ. ಆಸ್ಪತ್ರೆಯ ಚಿಕಿತ್ಸೆಗೆ ಬೇಕಾಗದ ಹೊರತು 12 ತಾಸಿನಲ್ಲಿ 100 ಮಿಲಿಗಿಂತ ಜಾಸ್ತಿ ಡ್ರಿಪ್ ಹಾಕಿಸೋದೇ ನಿಷೇಧ. ಎಳನೀರು ಕುಡಿಯಿರಿ.

ಪ್ರಶ್ನೆ: ಕೆಮ್ಮಿಗೆ ಸಿರಪ್? (ಯಲ್ಲಾಪುರ)

ಟರ್ಬುಟಾಲಿನ್ ಅನ್ನೋ ಔಷಧಿ ನಿಷೇಧಿತ ಪಟ್ಟಿಯಲ್ಲಿದೆ, ಅದು ಇರುವ ಸಿರಪ್ ಮುಟ್ಟಬೇಡಿ. ಮೆಡಿಕಲ್ ಶಾಪಿನ ಹುಡುಗನಿಗಲ್ಲ, ವೈದ್ಯರಿಗೇ ‘ನಾನು ಸ್ಪರ್ಧೆಯಲ್ಲಿ ಓಡ್ತೇನೆ’ ಅಂತ ಹೇಳಿ.

ಪ್ರಶ್ನೆ: ಜೀರಿಗೆ ಕಷಾಯ? (ಸಿದ್ದಾಪುರ)

ಧಾರಾಳವಾಗಿ ಕುಡೀರಿ.

ಪ್ರಶ್ನೆ: ಪರೀಕ್ಷೆಯವರು ಬಂದಾಗ ಮೈದಾನದಿಂದ ಹೊರಟುಬಿಟ್ಟರೆ? (ಹೆಸರು ಬೇಡ, ಕಾರವಾರ)

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ನಾಡಾದವರು ಬಂದಾಗ 100 ಮೀಟರ್ ಫೈನಲ್ ಓಡಿದ್ದು ಒಬ್ಬನೇ. ಪರೀಕ್ಷೆ ತಪ್ಪಿಸಿಕೊಂಡರೂ 4 ವರ್ಷದವರೆಗೆ ನಿಷೇಧ ಬೀಳುತ್ತದೆ ತಮ್ಮಾ.

ಇನ್ನು ಮುಂದೆ ಔಷಧಿ ಬಗ್ಗೆ ಕೇಳುವವರು ಸೀಸೆಯ ಮೇಲಿನ ಹೆಸರನ್ನು ಪೂರ್ತಿ ಬರೆಯಿರಿ. ‘ಕೆಂಪು ಮಾತ್ರೆ’, ‘ತಾಕತ್ತಿನ ಇಂಜೆಕ್ಷನ್’ ಅಂತ ಬಂದ ಪತ್ರಗಳಿಗೆ ಉತ್ತರ ಬರೆಯೋದಿಲ್ಲ.