ಫಾದರ್ ನೆನಪಿಗೆ ಸಂಚಿಕೆ ತರೋ ಮುಂಚೆ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಕಾಲೇಜಿನ ಹಳೇ ಪ್ರಿನ್ಸಿಪಾಲ್ ಫಾದರ್ ತೀರಿಕೊಂಡಿದ್ದಾರೆ, ಸ್ಮರಣ ಸಂಚಿಕೆ ತರೋದೋ ದತ್ತಿ ಉಪನ್ಯಾಸ ಇಡೋದೋ, ಆಧ್ಯಾತ್ಮಿಕ ಪ್ರಭಾವ ಅಂತ ಬರೆದರೆ ಯಾರಾದರೂ ಮತಾಂತರದ ತಗಾದೆ ತೆಗೆದಾರೋ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ಜಯನಗರದ ಒಂದು ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಾವೂ ಇದೇ ಚರ್ಚೆ ಮಾಡಿದ್ವಿ.

ನಮ್ಮ ಫಾದರ್ ಯೇಸುಸಭೆಯವರು, ಅಂದರೆ ಜೆಸ್ವಿಟ್ ಪಾದ್ರಿ. ನಾನು ಮಾಗಡಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ಲಿಂಗಾಯತರ ಹುಡುಗ, ಎದೆ ಮೇಲೆ ಇಷ್ಟಲಿಂಗ ಇಟ್ಟ ಕರಡಿಗೆ. ಮೊದಲ ದಿನವೇ ಅದನ್ನು ನೋಡಿ "ದಿನಾ ಪೂಜೆ ಮಾಡ್ತೀಯೇನಪ್ಪ?" ಅಂದರು. ಇಲ್ಲ ಫಾದರ್ ಅಂದೆ. "ಮತ್ತೆ ಸುಮ್ನೆ ಯಾಕೆ ಹೊತ್ಕೊಂಡು ತಿರುಗ್ತೀಯ? ಮಾಡು." ಮೂರು ವರ್ಷದಲ್ಲಿ ಒಂದು ಸಲವೂ ಚರ್ಚಿಗೆ ಬಾ ಅನ್ನಲಿಲ್ಲ.

ಕಲಿಸಿದ್ದು ಒಂದೇ, ಮಲಗೋ ಮುಂಚೆ ಆ ದಿನವನ್ನು ತಿರುಗಿ ನೋಡೋದು. 1540ರಲ್ಲಿ ಪೋಪರ ಮನ್ನಣೆ ಪಡೆದ ಆ ಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಹಾಕಿಕೊಟ್ಟ ಆತ್ಮಶೋಧನೆಯ ಕ್ರಮ ಅದು. ಮೊದಲು ಕೃತಜ್ಞತೆ. ಆಮೇಲೆ ಬೆಳಿಗ್ಗೆಯಿಂದ ಏನು ಯೋಚಿಸಿದೆ, ಏನು ಆಡಿದೆ, ಏನು ಮಾಡಿದೆ, ಎಲ್ಲಿ ಜಾರಿದೆ. ಕ್ಷಮೆ ಕೇಳಿ ನಾಳೆ ತಿದ್ದಿಕೊಳ್ಳೋ ನಿರ್ಧಾರ. ನಮಗೆ ಮಾತ್ರ "ಅಂಗಡಿಯವನು ರಾತ್ರಿ ಗಲ್ಲಾ ಎಣಿಸಿದ ಹಾಗೆ" ಅಂತ ಹೇಳೋರು.

ಸರಿ, ಅವರು ತೀರಿಕೊಂಡರು, ಸ್ಮರಣ ಸಂಚಿಕೆ ತರೋದು ಅಂತಾಯ್ತು. ನನಗೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡೋಕೆ ಬರ್ತಿತ್ತು ಅಂತ ಸಂಪಾದಕನ ಪಟ್ಟ ಕಟ್ಟಿದರು. ನಲವತ್ತಕ್ಕೂ ಹೆಚ್ಚು ಪತ್ರ ಬಂದವು. ಅದರಲ್ಲೊಂದು ಹಾಸ್ಟೆಲ್ ಅಡುಗೆಯವರದ್ದು. ಸಿಲಿಂಡರ್ ರಸೀದಿಯ ಹಿಂದೆ, ಪೆನ್ಸಿಲ್ಲಿನಲ್ಲಿ: "ಪಾದರಿಗೆ ಕೋಪ ಜಾಸ್ತಿ. ಸಾರಿಗೆ ಉಪ್ಪಾಗಿತ್ತು ಅಂತ ಹುಡುಗರ ಮುಂದೆ ಬೈದರು. ರಾತ್ರಿ ಹತ್ತಕ್ಕೆ ಬಂದು ತಪ್ಪಾಯ್ತು ಅಂದು ತಪ್ಪಲೆ ಉಜ್ಜಾಕೆ ಕುಂತರು. ನಾ ಬ್ಯಾಡ ಅಂದೆ. ಕೇಳಲಿಲ್ಲ."

ನಾನು ಮಾಡಿದ್ದೇನು ಗೊತ್ತಾ? ತೀರಿಕೊಂಡವರ ಸಂಚಿಕೆಯಲ್ಲಿ ಅವರ ಕೋಪ ಯಾಕೆ ಅಂತ ಎಲ್ಲಾ ಹೊಡೆದುಹಾಕಿ "ಅಡುಗೆ ಸಿಬ್ಬಂದಿಯನ್ನೂ ಮಕ್ಕಳಂತೆ ಕಾಣುತ್ತಿದ್ದರು" ಅಂತ ಒಂದು ಸಾಲು ಬರೆದೆ. ಆ ಅಡುಗೆಯವರು ಫಾದರ್‌ಗಿಂತ ವಯಸ್ಸಲ್ಲಿ ದೊಡ್ಡವರು, ಮಕ್ಕಳಂತೆ ಅಂತೆ! ಉಳಿದ ಪತ್ರಗಳಿಗೂ ಅದೇ ಗತಿ. ಎಲ್ಲರ ಬಾಯಲ್ಲೂ "ಸರಳತೆ", "ಸಜ್ಜನಿಕೆ", ಎಲ್ಲರದ್ದೂ ನನ್ನ ದನಿ. ಫಾದರ್ ರಾತ್ರಿ ತಮ್ಮ ಗಲ್ಲಾ ತಾವೇ ಎಣಿಸ್ತಿದ್ದರು ಅನ್ನೋದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದ್ದದ್ದು ಆ ರಸೀದಿಯೊಂದೇ. ನಾನೂ ಅದೇ ಪಾಠ ಕಲಿತವನೇ, ಆದರೂ ಹೊಳೆಯಲಿಲ್ಲ. ಪ್ರೂಫ್ ಮುಗಿದ ಮೇಲೆ ಮೂಲ ಪತ್ರಗಳ ಕಟ್ಟು ಮನೆಯ ಹಳೇ ಪೇಪರ್ ಜೊತೆ ರದ್ದಿಗೆ ಹೋಯ್ತು.

ಎರಡು ವರ್ಷದ ಮೇಲೆ ಅಡುಗೆಯವರ ಮಗ ಹುಡುಕಿಕೊಂಡು ಬಂದ. ಅಪ್ಪ ಹೋಗಿಬಿಟ್ಟರು ಸಾರ್, ಅವರ ಕೈಬರಹ ಮನೇಲಿ ಒಂದೂ ಇಲ್ಲ, ಆ ಚೀಟಿ ಇದ್ರೆ ಕೊಡಿ ಅಂದ. ಸಂಚಿಕೆ ಕೊಟ್ಟೆ. ಪುಟ ತೆಗೆದು ಓದಿ, "ನಮ್ಮಪ್ಪ ಹಿಂಗೆ ಮಾತಾಡ್ತಿರಲಿಲ್ಲವಲ್ಲ ಸಾರ್" ಅಂದ. ಕಾಫಿ ಕುಡೀದೇ ಎದ್ದು ಹೋದ.

ಆದ್ದರಿಂದ ಸಂಚಿಕೆಯೋ ಉಪನ್ಯಾಸವೋ ಅನ್ನೋ ಪ್ರಶ್ನೆಯೇ ಈಗ ಬೇಡ. ದತ್ತಿ ಉಪನ್ಯಾಸಕ್ಕೆ ಮೂರನೇ ವರ್ಷ ಬರೋದು ಶಾಲು ಹೊದಿಸೋರು ಮಾತ್ರ, ನನ್ನ ಅನುಭವ. ಮತಾಂತರದ ಭಯಕ್ಕೆ "ಮಾನವೀಯ ಮೌಲ್ಯ" ಅಂತ ತೇಪೆ ಹಚ್ಚಲೂ ಬೇಡಿ. ಅವರು ಪಾದ್ರಿ, ಕ್ರಿಸ್ತನನ್ನು ನಂಬಿಯೇ ಹಾಗಿದ್ದರು. ನಾನು ಈಗಲೂ ದಿನಾ ಲಿಂಗಪೂಜೆ ಮಾಡ್ತೀನಿ, ಅದು ಅವರಿಂದಲೇ ಅಂತ ಹೇಳೋಕೆ ನನಗೇನೂ ಸಂಕೋಚವಿಲ್ಲ.

ಬರೋ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ನಿಮ್ಮ ಫಾದರ್ ಸಮಾಧಿಗೆ ಹೂವು, ಮೇಣದಬತ್ತಿ ತಗೊಂಡು ಎಲ್ಲರೂ ಹೋಗಿ. ವಾಚ್‌ಮನ್, ಅಡುಗೆಯವರು, ಅಟೆಂಡರ್ ಇವರನ್ನೂ ಕರೀರಿ. ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಬೈದಿದ್ದನ್ನೂ ಸೇರಿಸಿ. ಅಚ್ಚು ಹಾಕೋದು ಆಮೇಲೆ ನೋಡಿಕೊಂಡರಾಯ್ತು. ಯಾರಾದರೂ ಚೀಟಿ ಬರೆದು ಕೊಟ್ಟರೆ ಫೋಟೋ ತೆಗೆದುಕೊಂಡು, ಚೀಟಿಯನ್ನು ಅವರಿಗೇ ವಾಪಸ್ ಕೊಟ್ಟುಬಿಡಿ.