ಮೆಣಸಿನಕಾಯಿ ಬೀಜದಲ್ಲಿ ಮಿಕ್ಸ್ ಬಂದಿದೆ, ಅಂಗಡಿಯವರು ‘ಬಿಸಿಲು ಜಾಸ್ತಿ’ ಅಂತಾರೆ. ಕಾನೂನಿನಲ್ಲಿ ದಾರಿ ಇದೆಯಾ?

ನೀವು ಕೇಳಿರೋದು ಇಷ್ಟು: ನೀವಿರೋದು ಬೆಂಗಳೂರಿನಲ್ಲಿ. ದೊಡ್ಡಬಳ್ಳಾಪುರದ ಕಡೆ ನಿಮ್ಮ ತಂದೆ ಒಂದೂವರೆ ಎಕರೆಗೆ ಹೈಬ್ರಿಡ್ ಮೆಣಸಿನಕಾಯಿ ಹಾಕಿದ್ದಾರೆ. ಬೀಜ ತಂದಿದ್ದು ಬೆಂಗಳೂರಿನ ಅಂಗಡಿಯಿಂದ, ಸಸಿ ಮಾಡಿಸಿದ್ದು ನರ್ಸರಿಯಲ್ಲಿ. ಮೊದಲ ಕೊಯ್ಲಿಗೆ ನೋಡಿದರೆ ಸುಮಾರು ಅರ್ಧ ಗಿಡಗಳಲ್ಲಿ ಬೇರೆಯೇ ಥರದ ಗಿಡ್ಡ ಕಾಯಿ.

ದಾರಿ ಇದೆ. ಒಳ್ಳೆ ವಕೀಲರನ್ನು ಆಮೇಲೆ ಹುಡುಕಬಹುದು, ಸಾಕ್ಷ್ಯ ಮಾತ್ರ ಬೆಳೆ ನಿಂತಿರುವಾಗಲೇ ಆಗಬೇಕು. ಗಿಡ ಕೀಳಬೇಡಿ. ಕೀಳಲೇಬೇಕಾಗಿ ಬಂದರೆ ಹೊಲದ ಬೇರೆ ಬೇರೆ ಕಡೆ ನಾಲ್ಕೈದು ಸಾಲಾದರೂ ಬಿಡಿ.

ಬಿಸಿಲಿನ ವಾದಕ್ಕೆ ಹೆದರಬೇಕಿಲ್ಲ. ಬಿಸಿಲು ಇಡೀ ಹೊಲಕ್ಕೆ ಒಂದೇ. ಒಂದೇ ಸಾಲಿನಲ್ಲಿ, ಒಂದೇ ಡ್ರಿಪ್ ಪೈಪಿನ ಅಕ್ಕಪಕ್ಕದ ಗಿಡಗಳಲ್ಲಿ ಬೇರೆ ಬೇರೆ ಕಾಯಿ ಬಿಟ್ಟಿದ್ದರೆ ಅದು ತಳಿ ಶುದ್ಧತೆಯ ತೊಂದರೆ, ಅಂದರೆ ಬೇರೆ ತಳಿಯ ಬೀಜ ಬೆರೆತಿದೆ. ಬರೀ ಇಳುವರಿ ಕಮ್ಮಿ, ಹೂವು ಉದುರಿತು, ಎಲೆ ಮುದುಡಿತು ಅನ್ನೋ ಕೇಸಾಗಿದ್ದರೆ ಕಷ್ಟವಿತ್ತು. ಬೆಳೆ ಚೆನ್ನಾಗಿ ಬರಲಿಲ್ಲ ಅಂದ ಮಾತ್ರಕ್ಕೆ ಬೀಜವೇ ಕಾರಣ ಅನ್ನೋಕಾಗಲ್ಲ ಅಂತ ಹರಿಯಾಣ ಬೀಜ ಅಭಿವೃದ್ಧಿ ನಿಗಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಎಷ್ಟೋ ರೈತರ ಕೇಸುಗಳು ಅಲ್ಲೇ ಮುಗ್ಗರಿಸೋದು.

ಮೊದಲು ಬೀಜದ ಪೊಟ್ಟಣ. ನರ್ಸರಿಗೆ ಬೀಜ ಕೊಟ್ಟು ಸಸಿ ಮಾಡಿಸಿದಾಗ ಖಾಲಿ ಪೊಟ್ಟಣ ಅಲ್ಲೇ ಬಿದ್ದಿರುತ್ತೆ. ಇವತ್ತೇ ಹೋಗಿ ತನ್ನಿ. ಯಾವ ತಾರೀಕು, ಯಾವ ಲಾಟ್ ನಂಬರಿನ (ಒಟ್ಟಿಗೆ ತಯಾರಾದ ಬೀಜದ ಗುಂಪಿಗೆ ಕಂಪನಿ ಕೊಡೋ ನಂಬರ್) ಬೀಜ, ಎಷ್ಟು ಟ್ರೇ, ಸಸಿ ಯಾವತ್ತು ಕೊಟ್ಟಿದ್ದು ಅಂತ ನರ್ಸರಿಯವರಿಂದ ಒಂದು ಹಾಳೆ ಬರೆಸಿ ಸಹಿ ಹಾಕಿಸಿ. ಇದಿಲ್ಲದಿದ್ದರೆ ‘ನರ್ಸರಿಯಲ್ಲೇ ಸಸಿ ಅದಲು ಬದಲಾಗಿರಬಹುದು’ ಅನ್ನೋದೇ ಕಂಪನಿಯ ಮೊದಲ ಉತ್ತರ. ಬೀಜ ಸಂಸ್ಕರಣೆಯ ಪುಡಿ ಮೆತ್ತಿದ ಹರಿದ ಪೊಟ್ಟಣವಾದರೂ ಪರವಾಗಿಲ್ಲ, ಲೇಬಲ್ ಮೇಲಿನ ಲಾಟ್ ನಂಬರ್, ಪರೀಕ್ಷೆಯ ತಾರೀಕು, ಮೊಳಕೆ ಪ್ರಮಾಣ, ತಳಿ ಶುದ್ಧತೆ ಓದೋ ಹಾಗಿದ್ದರೆ ಸಾಕು. ಎರಡೂ ಬದಿ ಫೋಟೋ ತೆಗೆದಿಡಿ. ಕಂಪನಿ ಪ್ರತಿನಿಧಿ ಬಂದು ‘ಹೆಡ್ ಆಫೀಸಿಗೆ ಕಳಿಸ್ತೀವಿ, ಕೊಡಿ’ ಅಂದರೆ ಫೋಟೋ ಮಾತ್ರ ಕೊಡಿ. ‘ಹೊಸ ಬೀಜ ಕೊಡ್ತೀವಿ, ಇಲ್ಲೊಂದು ಸೈನ್ ಮಾಡಿ’ ಅಂದರೆ ಸಹಿ ಹಾಕಬೇಡಿ.

ಬಿಲ್ ಇದೆಯಾ? ಬೀಜ (ನಿಯಂತ್ರಣ) ಆದೇಶ, 1983ರ ಪ್ರಕಾರ ಮಾರಾಟಗಾರರಿಗೆ ಲೈಸೆನ್ಸ್ ಇರಬೇಕು, ಕೊಂಡವರಿಗೆ ಬಿಲ್ ಕೊಡಬೇಕು. ತುಂಡು ಚೀಟಿ ಕೊಟ್ಟಿದ್ದರೆ ಅದನ್ನೂ, ಯುಪಿಐ ಪಾವತಿಯ ದಾಖಲೆಯನ್ನೂ ಇಟ್ಟುಕೊಳ್ಳಿ. ಬಿಲ್ ನಿಮ್ಮ ಹೆಸರಲ್ಲಿ, ಪಹಣಿ ಅಜ್ಜನ ಹೆಸರಲ್ಲಿ, ಬೆಳೆದವರು ಅಪ್ಪ ಅಂತಿದ್ದರೆ ವಂಶವೃಕ್ಷ ಮತ್ತು ನಿಮ್ಮದೊಂದು ಅಫಿಡವಿಟ್ ಜೊತೆಗಿಡಬೇಕು. ಪಹಣಿಯ ಬೆಳೆ ಕಾಲಮ್ಮಿನಲ್ಲಿ ರಾಗಿ ಅಂತ ಬಂದಿದೆಯಾ ಅಂತಲೂ ನೋಡಿ. ಬೆಳೆ ಸಮೀಕ್ಷೆಯಲ್ಲಿ ತಪ್ಪಾಗಿದ್ದರೆ ಈಗಲೇ ಆಕ್ಷೇಪಣೆ ಹಾಕಿ.

ಇನ್ನು ತಪಾಸಣೆ. ಇಡೀ ಕೇಸು ನಿಂತಿರೋದು ಇದರ ಮೇಲೆ. ತರಕಾರಿ ಬೆಳೆಯಾದ್ದರಿಂದ ಲಿಖಿತ ದೂರನ್ನು ತಾಲ್ಲೂಕು ತೋಟಗಾರಿಕೆ ಕಚೇರಿಗೆ ಕೊಟ್ಟು, ಒಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿ ಮಾತಿನ ದೂರಿಗೆ ಬೆಲೆಯಿಲ್ಲ. ಬೀಜ ನಿಯಮಗಳು, 1968ರ 23ಎ ನಿಯಮ ಉಲ್ಲೇಖಿಸಿ: ರೈತ ಬರೆದು ಕೊಟ್ಟರೆ ಬೀಜ ಪರಿವೀಕ್ಷಕರು ಲೇಬಲ್, ಪೊಟ್ಟಣ, ಉಳಿದ ಬೀಜ ವಶಕ್ಕೆ ಪಡೆದು, ಬೆಳೆ ಹಾಳಾದ ಕಾರಣ ತನಿಖೆ ಮಾಡಬೇಕು. (ಪೊಟ್ಟಣ ಒಯ್ದರೆ ರಸೀದಿ ಕೇಳಿ.) ‘ಇದು ಅಧಿಸೂಚಿತ ತಳಿ (ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ತಳಿ) ಅಲ್ಲ, ನಮಗೆ ಬರಲ್ಲ’ ಅಂತ ವಾಪಸ್ ಕಳಿಸೋದುಂಟು. 23ಎ ಅಧಿಸೂಚಿತ ಬೀಜಕ್ಕೆ ಮಾತ್ರ ಅನ್ನೋದು ನಿಜವೇ, ಆದರೆ 1983ರ ಆದೇಶಕ್ಕೆ ಆ ಮಿತಿಯಿಲ್ಲ. ದೂರಿನಲ್ಲಿ ಎರಡನ್ನೂ ಬರೆದುಬಿಡಿ. ತಜ್ಞರು ಬೇಕು ಅಂದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ದೂರವಲ್ಲ.

ತಪಾಸಣೆಯ ದಿನ, ಗಂಟೆ ನಿಗದಿಯಾದ ಕೂಡಲೇ ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್, ಇಮೇಲ್ ಎರಡರಲ್ಲೂ ತಿಳಿಸಿ. ಬರದಿದ್ದರೆ ‘ತಿಳಿಸಿದರೂ ಗೈರು’ ಅಂತ ಪಂಚನಾಮೆಯಲ್ಲಿ ಬರಲಿ. ಅವರಿಗೆ ತಿಳಿಸದೆ ಮಾಡಿದ ವರದಿಯನ್ನು ಏಕಪಕ್ಷೀಯ ಅಂತ ಬದಿಗೆ ತಳ್ಳಿಸೋದು ಸುಲಭ. ಸರ್ವೆ ನಂಬರ್ ಇಲ್ಲದ ವರದಿಯ ಗತಿಯೂ ಅಷ್ಟೇ.

‘ಬೆಳೆ ಸರಿಯಾಗಿ ಬಂದಿಲ್ಲ’ ಅನ್ನೋ ಒಂದು ಸಾಲಿನ ವರದಿ ತಗೊಂಡು ಬರಬೇಡಿ. ಎಣಿಸಬೇಕು. ಹೊಲದ ನಾಲ್ಕು ಮೂಲೆ ಮತ್ತು ನಡುವೆ, ಒಂದೊಂದು ಕಡೆ ಸತತ 100 ಗಿಡ: ಲೇಬಲ್ಲಿನ ತಳಿಯಂತಿರೋದು ಎಷ್ಟು, ಬೇರೆಯದು ಎಷ್ಟು, ರೋಗ ಬಿದ್ದಿರೋದು ಎಷ್ಟು. ಬೇರೆ ಥರದ ಗಿಡಕ್ಕೆ ಬಣ್ಣದ ದಾರ ಕಟ್ಟಿ ಫೋಟೋ ತೆಗೆದರೆ ಸಾಲು ತನ್ನಷ್ಟಕ್ಕೇ ಮಾತಾಡುತ್ತೆ. ಲಾಟ್ ನಂಬರ್, ನಾಟಿ ತಾರೀಕು ವರದಿಯಲ್ಲಿ ಬರಲಿ. ಗೊಬ್ಬರ, ನೀರು, ಥ್ರಿಪ್ಸ್ ಕೀಟ, ವೈರಸ್ ಕಾರಣವಲ್ಲ ಅನ್ನೋದಕ್ಕೆ ಆಧಾರವೂ ಇರಲಿ. ಪಕ್ಕದ ಹೊಲದಲ್ಲಿ ಅದೇ ತಳಿಯ ಬೇರೆ ಲಾಟ್ ಚೆನ್ನಾಗಿ ಬಂದಿದ್ದರೆ ಅಲ್ಲಿಯ ಫೋಟೋ, ಆ ರೈತರ ಅಫಿಡವಿಟ್ ಚಿನ್ನದಂಥ ಸಾಕ್ಷಿ. ಮೊಬೈಲ್ ಫೋಟೋಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ (ಫೋಟೋ ಯಾವ ಮೊಬೈಲಿನಲ್ಲಿ, ಹೇಗೆ ತೆಗೆದಿದ್ದು ಅನ್ನೋದಕ್ಕೆ) ಲಗತ್ತಿಸಿ. ಹವಾಮಾನದ ವಾದ ಬಿಡದಿದ್ದರೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ನಿಮ್ಮ ಹೋಬಳಿಯ ಮಳೆ ಅಂಕಿಅಂಶ ಕೇಳಿ ಪಡೆಯಿರಿ.

ಲ್ಯಾಬ್ ಪರೀಕ್ಷೆಯಲ್ಲೊಂದು ಎಚ್ಚರ ಬೇಕು. ಮಾದರಿಯನ್ನು ಮೊಳಕೆ ಪರೀಕ್ಷೆಗೆ ಮಾತ್ರ ಕಳಿಸಿದರೆ ‘ಪಾಸ್’ ಅಂತ ಬರುತ್ತೆ. ಮೆಣಸಿನಕಾಯಿಗೆ ಕನಿಷ್ಠ ಮೊಳಕೆ ಪ್ರಮಾಣ 60% ಅಷ್ಟೇ, ನಿಮ್ಮ ಬೀಜ ಹೇಗೂ ಮೊಳೆತಿದೆ. ಆಮೇಲೆ ಕಂಪನಿಯವರು ಅದೇ ಕಾಗದ ಹಿಡಿದು ವಾದ ಮಾಡುತ್ತಾರೆ. ನಿಮಗೆ ಬೇಕಿರೋದು ತಳಿ ಶುದ್ಧತೆ: ಬೆಳೆಸಿ ನೋಡುವ ಪರೀಕ್ಷೆ ಅಥವಾ ಡಿಎನ್‌ಎ ಪರೀಕ್ಷೆ. ದೂರಿನಲ್ಲೇ ಇದನ್ನು ಸ್ಪಷ್ಟವಾಗಿ ಕೇಳಿ. ಬೀಜ ಉಳಿದಿಲ್ಲ ಅಂದರೆ ಕೇಸು ಮುಗೀತು ಅಂತಲ್ಲ. ಪರೀಕ್ಷೆಗೆ ಅಂತ ರೈತ ಬೀಜ ಎತ್ತಿಡಬೇಕಿತ್ತು ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 2012ರ ರಾಷ್ಟ್ರೀಯ ಬೀಜ ನಿಗಮ ವರ್ಸಸ್ ಮಧುಸೂದನ ರೆಡ್ಡಿ ತೀರ್ಪಿನಲ್ಲಿ ಒಪ್ಪಲಿಲ್ಲ. ರೈತರೂ ಗ್ರಾಹಕರೇ, ಬೀಜ ಕಾಯ್ದೆ ಇದೆ ಅಂತ ಗ್ರಾಹಕ ನ್ಯಾಯಾಲಯದ ಬಾಗಿಲು ಮುಚ್ಚಲ್ಲ ಅಂದಿದ್ದೂ ಅದೇ ತೀರ್ಪು. ಲಾಟಿನ ದಾಖಲೆಯನ್ನು ಬೀಜ ಮಾರುವವರು ಮೂರು ವರ್ಷ ಇಡಬೇಕು ಅಂತ ಬೀಜ ನಿಯಮ 13 ಹೇಳುತ್ತೆ. ಮಾದರಿಯನ್ನು ಮಾತ್ರ ಲಾಟ್ ಪೂರ್ತಿ ಮಾರಾಟವಾಗಿ ಒಂದು ವರ್ಷದ ಮೇಲೆ ಎಸೆಯಬಹುದು. ಅದಕ್ಕೇ ‘ಮಾದರಿ ಕಾಪಾಡಿ’ ಅಂತ ಕಂಪನಿಗೆ ನೋಟಿಸ್ ಈಗಲೇ ಹೋಗಲಿ.

ಬೀಜ ಕಾಯ್ದೆಯಿಂದ ಪರಿಹಾರ ಬರಲ್ಲ. 1966ರ ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 500 ರೂಪಾಯಿವರೆಗೆ. ಅದನ್ನು ಬದಲಿಸೋಕೆ 2004ರಲ್ಲಿ ಬಂದ ಮಸೂದೆ ಕಾನೂನಾಗಲೇ ಇಲ್ಲ. ಹಾಗಾಗಿ ದುಡ್ಡು ಬರೋ ದಾರಿ ಜಿಲ್ಲಾ ಗ್ರಾಹಕರ ಆಯೋಗವೇ. ಯಾವ ಹಂತದ ಆಯೋಗಕ್ಕೆ ಹಾಕಬೇಕು ಅನ್ನೋದನ್ನು ಬೀಜಕ್ಕೆ ಕೊಟ್ಟ ಬೆಲೆ ತೀರ್ಮಾನಿಸುತ್ತೆ, ಕೇಳೋ ಪರಿಹಾರವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಅಪ್ಪ ಇರೋ ಬೆಂಗಳೂರು ಗ್ರಾಮಾಂತರದಲ್ಲೂ ಹಾಕಬಹುದು, ಬೀಜ ಕೊಂಡ ನಗರದಲ್ಲೂ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಪೋರ್ಟಲ್ಲಿನಲ್ಲೂ ಆಗುತ್ತೆ. ವಕೀಲರು ಕಡ್ಡಾಯವಲ್ಲ. ಅಮ್ಮನ ಹೆಸರಲ್ಲಿ ಜಮೀನು, ಬಿಲ್ ಇದ್ದರೆ ಉಚಿತ ವಕೀಲರೂ ಸಿಗುತ್ತಾರೆ; ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ ಆ ಹಕ್ಕಿದೆ. ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಪರಿಹಾರದ ಲೆಕ್ಕ ಉಬ್ಬಿಸಬೇಡಿ. ಬರಬೇಕಿದ್ದ ಇಳುವರಿಯಲ್ಲಿ ಬಂದದ್ದನ್ನು ಕಳೆದು, ಆ ದಿನಗಳ ಮಾರುಕಟ್ಟೆ ದರದಿಂದ ಗುಣಿಸಿ, ಕಾಯಿ ಕಮ್ಮಿಯಾದ್ದರಿಂದ ಉಳಿತಾಯವಾದ ಕೊಯ್ಲು ಕೂಲಿ ಮತ್ತು ಸಾಗಾಟದ ಖರ್ಚು ಕಳೆಯಿರಿ. ದರಕ್ಕೆ ಕೃಷಿ ಮಾರಾಟ ವಾಹಿನಿಯ (ಮಾರುಕಟ್ಟೆ ದರ ತೋರಿಸೋ ಸರ್ಕಾರಿ ಜಾಲತಾಣ) ಪುಟಗಳನ್ನು ಮುದ್ರಿಸಿಕೊಳ್ಳಿ. ಗಿಡ್ಡ ಕಾಯಿ ಮಾರುವಾಗ ಮಂಡಿಯವರು ಬಿಳಿ ಚೀಟಿ ಕೊಟ್ಟರೆ ಸರಿಯಾದ ಬಿಲ್ಲನ್ನೇ ಕೇಳಿ, ನಷ್ಟದ ಪುರಾವೆ ಅದು. ಇನ್ನೊಂದು: ಇದೇ ಬೆಳೆಗೆ ಮಳೆ ಇಲ್ಲದೆ ನಷ್ಟ ಅಂತ ವಿಮೆಗೆ ಅರ್ಜಿ ಹಾಕಿದ್ದರೆ ಆ ಅರ್ಜಿ ಎದುರು ಪಕ್ಷದ ಕೈಗೆ ಸಿಗುತ್ತೆ. ಎರಡೂ ಕಡೆ ಹೇಳೋ ಕಾರಣ ಹೊಂದಬೇಕು.

ಅದೇ ಲಾಟ್ ಬೇರೆ ರೈತರಿಗೂ ಹೋಗಿರುತ್ತೆ. ತೋಟಗಾರಿಕೆ ಇಲಾಖೆಗೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಈ ಲಾಟಿನ ಮೇಲೆ ಬಂದ ದೂರುಗಳು, ಪರೀಕ್ಷಾ ವರದಿಗಳು, ಅಂಗಡಿಯ ಲೈಸೆನ್ಸ್ ಪ್ರತಿ ಕೇಳಿ. ಐದಾರು ಜನ ಸಿಕ್ಕರೆ ಗ್ರಾಹಕ ರಕ್ಷಣಾ ಕಾಯ್ದೆ, 2019ರ 35(1)(ಸಿ) ಅಡಿ ಒಟ್ಟಾಗಿ ಹಾಕೋಕೆ ಆಯೋಗದ ಅನುಮತಿ ಕೋರಬಹುದು. ಆದರೂ ಪ್ರತಿಯೊಬ್ಬರ ಹೊಲದ ಎಣಿಕೆ ಬೇರೆ ಬೇರೆ ಆಗಿರಲಿ, ಒಬ್ಬರ ಪಂಚನಾಮೆ ಇನ್ನೊಬ್ಬರ ನಷ್ಟಕ್ಕೆ ಆಗಿಬರಲ್ಲ.

ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ ಮುಗೀಬೇಕು ಅಂತ ಕಾಯ್ದೆಯಲ್ಲಿದೆ, ಅದನ್ನು ನಂಬಿ ಸಾಲ ಮಾಡಬೇಡಿ. ಗೆದ್ದ ಮೇಲೆ ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಅರ್ಧ ಮೊತ್ತ ಠೇವಣಿ ಇಟ್ಟ ಮೇಲೆಯೇ. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂತಾದರೆ 71 ಮತ್ತು 72ನೇ ಕಲಮಿನಡಿ ಜಾರಿ ಅರ್ಜಿ ಹಾಕಿ.