‘ನೂರಕ್ಕೆ 95 ಕೇಸ್ ಖುಲಾಸೆ’ ಎನ್ನುವ ವಕೀಲರನ್ನು ಹಿಡಿಯಬಹುದೇ?

ಪ್ರಶ್ನೆ: ಬದುವಿನ ಜಗಳದಲ್ಲಿ ನನ್ನ ತಮ್ಮ ಪಕ್ಕದ ಹೊಲದವರಿಗೆ ಕುಡುಗೋಲಿನಿಂದ ಹೊಡೆದ ಅಂತ ಕೇಸಾಗಿದೆ. ಬಿಎನ್‌ಎಸ್ 118(2) (ಭಾರತೀಯ ನ್ಯಾಯ ಸಂಹಿತೆಯಲ್ಲಿ ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕಿರುವ ಸೆಕ್ಷನ್) ಹಾಕಿದ್ದಾರೆ. ಅವನು ಜೈಲಿನಲ್ಲಿದ್ದಾನೆ. ಒಬ್ಬ ವಕೀಲರು, ‘ನನ್ನ ಕೇಸಲ್ಲಿ ನೂರಕ್ಕೆ 95 ಖುಲಾಸೆ. ಅರ್ಧ ಫೀಸು ಈಗ ಕೊಡಿ, ಉಳಿದಿದ್ದು ಖುಲಾಸೆ ಆದ್ಮೇಲೆ’ ಅಂದ್ರು. ಇನ್ನೊಬ್ಬರು, ‘ಗ್ಯಾರಂಟಿ ಏನೂ ಕೊಡಲ್ಲ, ಮೊದಲು ಎಫ್‌ಐಆರ್ ಕಾಪಿ ತನ್ನಿ’ ಅಂದ್ರು. ಮನೆಯವರೆಲ್ಲ ಮೊದಲನೆಯವರೇ ಸರಿ ಅಂತಾರೆ. ಏನು ಮಾಡಲಿ ಮೇಡಂ?
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ನಾನಾಗಿದ್ದರೆ ಎರಡನೆಯವರ ಹತ್ತಿರ ಹೋಗುತ್ತಿದ್ದೆ.

ಆ 95 ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಜವೇ ಇರಬಹುದು. ಆದರೆ ಅದರಿಂದ ವಕೀಲರ ಕೈಚಳಕ ಗೊತ್ತಾಗುವುದಿಲ್ಲ. ಹೊಡೆದಾಟದ ಕೇಸುಗಳು ಎಷ್ಟೋ ಸಲ ಹೇಗೆ ಮುಗಿಯುತ್ತವೆ ನೋಡಿ. ಊರ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. 118(2) ಅನ್ನು ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಹಾಗಾಗಿ ಏಟು ತಿಂದವನೇ ಕಟಕಟೆಗೆ ಬಂದು ‘ಯಾರು ಹೊಡೆದರೋ ಗೊತ್ತಿಲ್ಲ’ ಎನ್ನುತ್ತಾನೆ. ಪಂಚರು (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ‘ಪೊಲೀಸರು ಕರೆದು ಸಹಿ ಹಾಕಿಸಿಕೊಂಡರು, ಅಷ್ಟೇ’ ಎನ್ನುತ್ತಾರೆ. ಸರ್ಕಾರಿ ವಕೀಲರು ಕೇಳಿದ ಮೇಲೆ ಕೋರ್ಟು ಅವರನ್ನು ಹಾಸ್ಟೈಲ್, ಅಂದರೆ ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸುತ್ತದೆ. ಆರೋಪಿ ಖುಲಾಸೆ. ನಮ್ಮ ವಕೀಲರು ‘ಪಾಟೀ ಸವಾಲು ಇಲ್ಲ’ (ಎದುರು ಕಡೆಯ ಸಾಕ್ಷಿಗೆ ನಮ್ಮ ಪ್ರಶ್ನೆ ಇಲ್ಲ) ಅಂತ ಹೇಳಿ ಕೂತಿದ್ದರೂ ಲೆಕ್ಕಕ್ಕೆ ಒಂದು ಗೆಲುವು! (ಪ್ರಮಾಣ ಮಾಡಿ ಸುಳ್ಳು ಹೇಳುವುದು ಅಪರಾಧ. ನಿಜಕ್ಕೂ ರಾಜಿಯಾಗಿದ್ದರೆ ಬಿಎನ್‌ಎಸ್‌ಎಸ್ ಎಂಬ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ 528ರಡಿ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿ ಎಂದು ಕೇಳುವ ದಾರಿ ಇದೆ. ರದ್ದಾಗಲೇಬೇಕು ಅಂತೇನಿಲ್ಲ.)

ಇದರ ತಿರುಗುಮುರುಗೂ ಇದೆ. ಕೊಲೆಯತ್ನ ಅಂತ ಶುರುವಾದ ಕೇಸು ಬರೀ ಗಾಯದ ಕೇಸಿಗೆ ಇಳಿದು, ಹತ್ತು ವರ್ಷ ಆಗಬಹುದಾದ ಕಡೆ ಒಂದು ವರ್ಷವಾದರೆ ಅದು ದೊಡ್ಡ ಕೆಲಸ. ಲೆಕ್ಕದಲ್ಲಿ ಅದು ಸೋಲು. ಕಷ್ಟದ ಕೇಸು ಹಿಡಿಯುವವರ ಅಂಕಿ ಯಾವಾಗಲೂ ಕಡಿಮೆಯೇ. ಇನ್ನು ಖುಲಾಸೆ ವಿರುದ್ಧ ಸರ್ಕಾರ ಅಪೀಲು ಹೋಗಿ ತೀರ್ಪು ತಿರುಗಿದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ ಬಿಡಿ.

ಹಾಗಾದರೆ ನೋಡುವುದೇನು? ತೀರ್ಪು ಓದಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಕೋರ್ಟ್ ಆರಿಸಿ ವಕೀಲರ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿದರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ಪಟ್ಟಿ ಪೂರ್ತಿ ಇರುವುದಿಲ್ಲ, ಒಬ್ಬರದೇ ಹೆಸರನ್ನು ನಾಲ್ಕು ತರಹ ಬರೆದಿರುತ್ತಾರೆ. ಪರವಾಗಿಲ್ಲ, ಮುಗಿದ ಹೊಡೆದಾಟದ ಕೇಸು ಎರಡು ಮೂರು ಸಿಕ್ಕರೆ ಸಾಕು. ಖುಲಾಸೆಗೆ ಜಡ್ಜ್ ಕೊಟ್ಟ ಕಾರಣ ಹುಡುಕಿ. ‘ಸಾಕ್ಷಿಗಳು ಪ್ರತಿಕೂಲವಾಗಿದ್ದಾರೆ’ ಅಂತ ಮಾತ್ರ ಇದ್ದರೆ ಅದರಲ್ಲಿ ವಕೀಲರ ಬಗ್ಗೆ ತಿಳಿಯುವಂಥದ್ದು ಏನಿಲ್ಲ. ಅದರ ಬದಲು, ‘ಕಲ್ಲಿನ ಮೇಲೆ ಬಿದ್ದರೂ ಇಂಥ ಗಾಯ ಆಗಬಹುದು ಎಂದು ವೈದ್ಯರು ಪಾಟೀ ಸವಾಲಿನಲ್ಲಿ ಒಪ್ಪಿದ್ದಾರೆ’ ಅಂತಲೋ, ‘ದೂರು ಕೊಡಲು ಎರಡು ದಿನ ತಡವಾಗಿದ್ದಕ್ಕೆ ವಿವರಣೆ ಇಲ್ಲ’ ಅಂತಲೋ ಇದ್ದರೆ, ಅಲ್ಲಿ ಯಾರೋ ಕಡತವನ್ನು ಸಾಲು ಸಾಲು ಓದಿದ್ದಾರೆ ಎಂದರ್ಥ. ನಿಮಗೆ ಬೇಕಾದವರು ಅವರೇ. ‘ಪಾಟೀ ಸವಾಲು ನೀವೇ ಮಾಡ್ತೀರಾ, ಜೂನಿಯರ್ ಮಾಡ್ತಾರಾ?’ ಅಂತ ಮೊದಲೇ ಕೇಳಿ. ಮುಜುಗರ ಬೇಡ.

ಇನ್ನು ಆ ಅರ್ಧ ಫೀಸಿನ ಮಾತು. ಕೇಸಿನ ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ 20 ಒಪ್ಪುವುದಿಲ್ಲ. ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಟ್ಟೋ, ಕಕ್ಷಿದಾರರ ಬೆನ್ನು ಬಿದ್ದೋ ಕೇಸು ಹಿಡಿಯುವಂತಿಲ್ಲ. 2008ರಲ್ಲಿ ವೆಬ್‌ಸೈಟಿಗೆ ಅನುಮತಿ ಸಿಕ್ಕಿತು. ಆದರೂ ಅದರಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ತರಹದ ಕೇಸು ನಡೆಸುತ್ತಾರೆ ಅನ್ನುವುದಷ್ಟೇ ಇರಬೇಕು. ಗೆದ್ದ ಕೇಸಿನ ಲೆಕ್ಕಕ್ಕೆ ಅಲ್ಲಿ ಜಾಗವಿಲ್ಲ. ಮೊದಲ ಭೇಟಿಯಲ್ಲೇ ನಿಯಮ ಮುರಿದವರ ಕೈಗೆ ತಮ್ಮನ ಕೇಸು ಕೊಡುವ ಮೊದಲು ಯೋಚಿಸಬೇಕು ಅಲ್ವಾ?

ಎಫ್‌ಐಆರ್ ಕಾಪಿಗೆ ಪರದಾಡಬೇಡಿ, ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ದುಡ್ಡಿನ ತಾಪತ್ರಯ ಇದ್ದರೆ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಇವತ್ತೇ ಒಂದು ಕೆಲಸ ಮಾಡಿ. ತಮ್ಮನನ್ನು ಮೊದಲ ಸಲ ರಿಮಾಂಡ್ ಮಾಡಿದ (ಕೋರ್ಟು ಕಸ್ಟಡಿಗೆ ಕಳಿಸಿದ) ತಾರೀಖನ್ನು ಬರೆದಿಟ್ಟುಕೊಳ್ಳಿ. ಈ ಸೆಕ್ಷನ್‌ಗೆ ಜೀವಾವಧಿವರೆಗೂ ಶಿಕ್ಷೆ ಇರುವುದರಿಂದ ಪೊಲೀಸರಿಗೆ ಚಾರ್ಜ್‌ಶೀಟ್ ಹಾಕಲು ಆ ತಾರೀಖಿನಿಂದ 90 ದಿನ ಇದೆ. ಅಷ್ಟರೊಳಗೆ ಮಾಮೂಲಿ ಜಾಮೀನು ಅರ್ಜಿ ಹಾಕಿಯೇ ಹಾಕುತ್ತಾರೆ. ಅದು ಸಿಗದೆ, ಚಾರ್ಜ್‌ಶೀಟೂ ಬರದೆ 90 ದಿನ ಕಳೆದರೆ ಜಾಮೀನು ಅವನ ಹಕ್ಕು. ಆದರೆ ತಾನಾಗಿ ಸಿಗುವುದಿಲ್ಲ. ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು, ಒಂದು ದಿನ ತಡವಾದರೂ ಕೈತಪ್ಪಬಹುದು. ಇಬ್ಬರು ವಕೀಲರಲ್ಲಿ ಈ ತಾರೀಖನ್ನು ಯಾರು ಕೇಳಿದರು ಅಂತ ಮನೆಯವರಿಗೆ ಹೇಳಿ.